ತಾಮ್ರಪಟದ ಮೇಲಿನ ರುಜು

ಅಕ್ಷರವಿರುವುದು ಓದುವುದಕ್ಕೆ; ಅದನ್ನೇ ಚಿತ್ರವೆಂದು ಗೋಡೆಗೆ ತೂಗುಹಾಕುವುದು ಎಂತಹ ಕಲೆ ಎಂದು ನಮ್ಮ ವಾಚಕರಲ್ಲಿ ಅನೇಕರು ಕೇಳಬಹುದು. ಪ್ರಶ್ನೆಯು ಸಹಜವೇ. ಆದರೆ ಹೋಟೆಲಿಗೊಂದು ನಾಮಫಲಕವನ್ನು ಬರೆಯಿಸಿದವರಿಗೆಲ್ಲ ಇದರ ಅರ್ಧ ಉತ್ತರ ತಿಳಿದಿದೆ. ಅಕ್ಷರ ದುಂಡಗಿರಬೇಕು, ಬಣ್ಣ ಎದ್ದು ಕಾಣಬೇಕು, ದಾರಿಹೋಕನು ಓದುವುದಕ್ಕೆ ಮೊದಲೇ ಅವನ ಕಣ್ಣು ಅಲ್ಲಿ ನಿಲ್ಲಬೇಕು ಎಂದು ಪೇಂಟರನೊಡನೆ ಹಟ ಹಿಡಿದವರೇ ಅಲ್ಲವೆ ನಾವು?

ಇಂತಹ ಕಲೆಗೆ ನಮ್ಮ ವಡೋದರೆಯೇ ಒಂದು ತವರು. ಇಲ್ಲಿಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1950ರಲ್ಲಿ ಲಲಿತಕಲಾ ವಿಭಾಗವು ಸ್ಥಾಪಿತವಾಯಿತು. 1962ರಲ್ಲಿ ಮುಂಬಯಿಯಿಂದ ಬಂದು ಈ ಊರಿನಲ್ಲಿ ನೆಲಸಿದ ಭೂಪೇನ್ ಖಖ್ಖರ್ ಅವರು ಚಾರ್ಟರ್ಡ್ ಅಕೌಂಟೆಂಟರು. ಲೆಕ್ಕ ಬರೆದು ಹೊಟ್ಟೆ ಹೊರೆಯುತ್ತ ಚಿತ್ರ ಬರೆದವರೆಂಬುದನ್ನು ನಮ್ಮ ಗುಮಾಸ್ತ ಬಾಂಧವರು ಗಮನಿಸಬೇಕು. 1972ರ ಅವರ ಚಿತ್ರಗಳ ಹೆಸರುಗಳೇ ‘ಜನತಾ ವಾಚ್ ರಿಪೇರಿಂಗ್’, ‘ಡಿಲಕ್ಸ್ ಟೇಲರ್ಸ್’ — ಬೀದಿಯ ಬೋರ್ಡಿನ ಮಾತುಗಳು!

ಅದೇ ವಿಭಾಗದಲ್ಲಿ ಶಿಲ್ಪಕಲೆಯನ್ನು ಅಭ್ಯಾಸ ಮಾಡಿದವರು ಬೆಂಗಳೂರಿನ ಎನ್. ಪುಷ್ಪಮಾಲಾ. ಹಿಂದಿನ ತಾಮ್ರಶಾಸನಗಳ ರೀತಿಯನ್ನನುಸರಿಸಿ, ತಾಮ್ರದ ತಗಡುಗಳ ಮೇಲೆ ಲಿಪಿಗಳನ್ನು ಮೂಡಿಸಿ ಅವರು 2018ರಲ್ಲಿ ಒಂದು ಕೃತಿಯನ್ನು ರಚಿಸಿದರು. ‘ವಿರಳವಾದ ಮತ್ತು ಕಳೆದುಹೋದ ಲಿಪಿಗಳ ಅಟ್ಲಾಸ್’ ಎಂಬುದು ಅದರ ಹೆಸರಿನ ಅರ್ಥ. ಓದಬಲ್ಲವರು ಇಲ್ಲವಾದ ಮೇಲೆ ಅಕ್ಷರಕ್ಕೆ ಉಳಿಯುವುದು ರೂಪವೊಂದೇ ಎಂಬುದನ್ನು ಆ ಹೆಸರೇ ನಮಗೆ ನೆನಪಿಸುತ್ತದೆ.

ತಾಮ್ರಪಟಕ್ಕೂ ಈ ನಾಡಿಗೂ ಹಳೆಯ ನಂಟು. ವಡೋದರೆಯ ಪ್ರಾಚೀನ ಹೆಸರಾದ ವಡಪದ್ರಕವು ಕ್ರಿ. ಶ. 812ರ ಒಂದು ತಾಮ್ರಶಾಸನದಲ್ಲಿ ದೊರೆಯುತ್ತದೆ. ಅದನ್ನು ಕೊಟ್ಟವನು ಲಾಟದೇಶವನ್ನಾಳಿದ ರಾಷ್ಟ್ರಕೂಟ ಕರ್ಕ ಸುವರ್ಣವರ್ಷ. ನಮ್ಮ ನೃಪತುಂಗನ ದಾಯಾದಿ. ಸೂರತ್ತಿನ ನೆರೆಯ ನವಸಾರಿಯಲ್ಲಿಯೂ ಈ ಮನೆತನದ ಶಾಸನಗಳು ಸಿಕ್ಕಿವೆ. ಗುಜರಾತಿನ ರಾಷ್ಟ್ರಕೂಟರ ಇಂತಹ ಶಾಸನಗಳಲ್ಲಿ ಕೆಲವು ವಿಶೇಷವಾದುವು. ಭಾಷೆ ಸಂಸ್ಕೃತ, ಲಿಪಿ ಇಲ್ಲಿಯ ಜನರು ಬಲ್ಲ ಲಿಪಿ, ಕೊನೆಯಲ್ಲಿ ಅರಸನ ರುಜು ಮಾತ್ರ ಪ್ರಾಚೀನ ಕನ್ನಡ ಲಿಪಿಯಲ್ಲಿ ಎಂದು ಇತಿಹಾಸಜ್ಞರು ತೋರಿಸಿಕೊಟ್ಟಿದ್ದಾರೆ.

ಈ ಒಂದು ಸಂಗತಿಯಲ್ಲಿ ಪರನಾಡಿನಲ್ಲಿರುವ ನಮಗೆ ಬೇಕಾದ ನೀತಿಯೆಲ್ಲ ಅಡಗಿದೆ. ಅನ್ನ ಕೊಟ್ಟ ನೆಲದ ಜನರೊಡನೆ ಅವರು ಬಲ್ಲ ಅಕ್ಷರದಲ್ಲಿ ವ್ಯವಹರಿಸುವುದು ಧರ್ಮ. ನಮ್ಮ ಫಲಕದಲ್ಲಿ ಗುಜರಾತಿಯು ಮೊದಲಿರಲಿ, ದೊಡ್ಡದಾಗಿಯೇ ಇರಲಿ. ಕೆಳಗೆ ಕನ್ನಡದ ಒಂದು ಸಾಲಿದ್ದರೆ ಯಾರಿಗೂ ನಷ್ಟವಿಲ್ಲ. ಅದು ನಮ್ಮ ರುಜು.

ಆದರೆ ಫಲಕವೊಂದರಿಂದಲೇ ಕೆಲಸ ಮುಗಿಯದು. ಅಹಮದಾಬಾದಿನಿಂದ ಸೂರತ್ತಿನವರೆಗೆ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಕನ್ನಡವನ್ನು ಚೆನ್ನಾಗಿ ಮಾತನಾಡುತ್ತಾರೆ. ಊರಿನಿಂದ ಬಂದ ಅಜ್ಜಿಯ ಕಾಗದವನ್ನು ಮಾತ್ರ ಓದಲಾರರು. ಅವರ ಪಾಲಿಗೆ ಕನ್ನಡದ ಅಕ್ಷರಗಳು ಈಗಾಗಲೇ ಬರಿಯ ಚಿತ್ರಗಳು. ಕಲಾವಿದರು ಅಕ್ಷರವನ್ನು ಚಿತ್ರವನ್ನಾಗಿ ಮಾಡಿದರೆ ಅದು ಕಲೆ. ಅದೇ ಕೆಲಸ ನಮ್ಮ ಉದಾಸೀನದಿಂದ ನಡೆದರೆ ಅದು ನಾಶ.

ಇದಕ್ಕೆ ಶಾಲೆಯನ್ನು ಕಾಯಬೇಕಾಗಿಲ್ಲ, ಸಂಘದ ಠರಾವೂ ಬೇಕಿಲ್ಲ. ರಾತ್ರಿ ಹೋಟೆಲಿನ ಬಾಗಿಲು ಹಾಕಿ ಬಂದ ಮೇಲೆ, ಕಚೇರಿಗೆ ರಜೆಯಿರುವ ದಿನ, ಒಂದು ಸ್ಲೇಟನ್ನು ಮುಂದಿಟ್ಟುಕೊಂಡು ಮಗುವಿನ ಕೈಹಿಡಿದು ಅದರ ಹೆಸರನ್ನು ಕನ್ನಡದಲ್ಲಿ ಬರೆಯಿಸೋಣ. ಹನ್ನೆರಡು ಶತಮಾನಗಳ ಹಿಂದೆ ಈ ನೆಲದಲ್ಲಿ ಅರಸನೊಬ್ಬನು ಬಿಟ್ಟುಕೊಡದ ರುಜುವನ್ನು ನಾವೇಕೆ ಬಿಟ್ಟುಕೊಡಬೇಕು?