ನಿವೃತ್ತ ಗುರುಗಳ ದತ್ತಿ: ಬಡ್ಡಿಯಷ್ಟೇ ಸಾಕೆ?

ವಾರ್ಷಿಕೋತ್ಸವದ ವೇದಿಕೆಯ ಮೇಲೆ ನಿವೃತ್ತ ಅಧ್ಯಾಪಕರೊಬ್ಬರ ಹೆಸರಿನ ದತ್ತಿ ಪಾರಿತೋಷಕವನ್ನು ಘೋಷಿಸುವುದು ಕನ್ನಡ ಶಾಲೆಗಳಲ್ಲಿಯೂ ಸಂಘಗಳಲ್ಲಿಯೂ ಬಹುಕಾಲದಿಂದ ನಡೆದು ಬಂದಿರುವ ಸತ್ಸಂಪ್ರದಾಯ. ಜೀವಮಾನವೆಲ್ಲ ಸೀಮೆಸುಣ್ಣ ಹಿಡಿದ ಕೈ, ನಿವೃತ್ತಿಯಂದು ತನಗೆ ಬಂದ ಹಣದಲ್ಲಿ ಒಂದು ಪಾಲನ್ನು ಮರಳಿ ಶಾಲೆಗೇ ಒಪ್ಪಿಸುತ್ತದೆ. ಆ ಭಾವನೆಗೆ ಬೆಲೆ ಕಟ್ಟಲಾಗದು. ಆದರೆ ಆ ಹಣಕ್ಕೆ ಬೆಲೆ ಕಟ್ಟಬಹುದು, ಕಟ್ಟಲೇಬೇಕು.

1980ರ ಸುಮಾರಿಗೆ ಇರಿಸಿದ ಸಾವಿರ ರೂಪಾಯಿಯ ದತ್ತಿಯೊಂದು ಶೇಕಡಾ 10ರ ಬಡ್ಡಿಯಲ್ಲಿ ವರ್ಷಕ್ಕೆ 100 ರೂಪಾಯಿ ತರುತ್ತಿತ್ತೆಂದು ಭಾವಿಸೋಣ. ಅಂದು ಅದು ಬಡ ವಿದ್ಯಾರ್ಥಿಗೆ ನಿಜವಾದ ಆಸರೆ. ಇಂದು ಆ ನೂರು ರೂಪಾಯಿಯಿಂದ ಒಂದೆರಡು ನೋಟುಪುಸ್ತಕ ಬಂದರೆ ಹೆಚ್ಚು. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಹಣದ ಕೊಳ್ಳುವ ಶಕ್ತಿ ಅರ್ಧವಾಗುತ್ತದೆ. ಮೂಲಧನ ಪುಸ್ತಕದಲ್ಲಿ ಭದ್ರವಾಗಿರುತ್ತದೆ, ದಾನದ ಉದ್ದೇಶ ಮಾತ್ರ ಸದ್ದಿಲ್ಲದೆ ಕರಗಿ ಹೋಗಿರುತ್ತದೆ.

ಈ ವಿಚಾರ ವಿಶೇಷವಾಗಿ ಅನ್ವಯಿಸುವುದು ನಾಳೆ ಶಿಕ್ಷಕರಾಗಬಯಸುವ ತರುಣ ತರುಣಿಯರಿಗೆ. ಒಂದು ವರ್ಷದ್ದಾಗಿದ್ದ ಬಿ.ಎಡ್. ಶಿಕ್ಷಣ 2015ರಿಂದ ಎರಡು ವರ್ಷಗಳದ್ದಾಯಿತು. ಅದರಲ್ಲಿ 20 ವಾರಗಳಷ್ಟು ಕಾಲವನ್ನು ಶಾಲೆಗಳಲ್ಲಿ ಪ್ರತ್ಯಕ್ಷ ಅನುಭವಕ್ಕಾಗಿ ಕಳೆಯಬೇಕು. ತರಬೇತಿಯ ಗುಣಕ್ಕೆ ಇದು ಹಿತಕರವೇ. ಆದರೆ ಬಡವರ ಮನೆಯ ಪದವೀಧರೆಗೆ ಇದು ಗಳಿಕೆಯಿಲ್ಲದ ಇನ್ನೊಂದು ವರ್ಷ. ಅವಳಿಗೆ ಬೇಕಾದುದು ವೇದಿಕೆಯ ಮೇಲಿನ ಲಕೋಟೆಯಲ್ಲ. ತಿಂಗಳು ತಿಂಗಳೂ ತಪ್ಪದೆ ಕೈಸೇರುವ ಊಟದ, ಬಸ್ಸಿನ, ಬಾಡಿಗೆಯ ಹಣ. ಅದು ದೊರೆಯದಾಗ ಮಕ್ಕಳಿಗೆ ಕಲಿಸಬೇಕೆಂಬ ಹಂಬಲವುಳ್ಳವಳು ಯಾವುದೋ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತುಬಿಡುತ್ತಾಳೆ. ನಷ್ಟ ಅವಳೊಬ್ಬಳದೇ ಅಲ್ಲ.

ಹಾಗಾದರೆ ಮಾಡಬೇಕಾದುದೇನು? ಹತ್ತು ಮಂದಿ ನಿವೃತ್ತ ಶಿಕ್ಷಕರು ಪಿಂಚಣಿಯಿಂದ ತಿಂಗಳಿಗೆ ತಲಾ 1,000 ರೂಪಾಯಿ ಕೊಟ್ಟರೆ 10,000 ರೂಪಾಯಿಯಾಯಿತು. ಇಬ್ಬರು ತರಬೇತಿ ವಿದ್ಯಾರ್ಥಿಗಳಿಗೆ ತಲಾ 5,000 ರೂಪಾಯಿಯ ಮಾಸಿಕ ವೇತನವಾಯಿತು. ಇಷ್ಟೇ ಮೊತ್ತವನ್ನು ಶೇಕಡಾ 7ರ ಬಡ್ಡಿಯಿಂದ ಪಡೆಯಬೇಕಾದರೆ 17 ಲಕ್ಷ ರೂಪಾಯಿಗೂ ಮಿಕ್ಕ ಠೇವಣಿ ಬೇಕು. ಅಷ್ಟು ಹಣ ಕೂಡುವವರೆಗೆ ಕಾಯುವುದಾದರೆ ಇಂದಿನ ವಿದ್ಯಾರ್ಥಿನಿಯ ಕಾಲ ಮೀರಿಹೋಗುತ್ತದೆ.

ಮೂಲಧನವಿಲ್ಲದಿದ್ದರೆ ದಾನಿಯ ಕಾಲಾನಂತರ ಗತಿಯೇನು ಎಂಬ ಆಕ್ಷೇಪಣೆ ಯುಕ್ತವಾದುದೇ. ಅದಕ್ಕಾಗಿಯೇ ಸಂಘಗಳು ಮಧ್ಯೆ ನಿಲ್ಲಬೇಕು. ಒಬ್ಬ ವಿದ್ಯಾರ್ಥಿಯನ್ನು ಆರಿಸುವ ಮೊದಲೇ ಇಪ್ಪತ್ತನಾಲ್ಕು ತಿಂಗಳ ಮೊತ್ತವಾದ 1,20,000 ರೂಪಾಯಿಯನ್ನು ಸಂಘವು ಪ್ರತ್ಯೇಕವಾಗಿ ತೆಗೆದಿರಿಸಬೇಕು. ಅರ್ಧದಾರಿಯಲ್ಲಿ ಕೈಬಿಡುವ ಸಹಾಯಕ್ಕಿಂತ ಸಹಾಯ ಮಾಡದಿರುವುದೇ ಮೇಲು.

ಶಿಕ್ಷಕರಿಂದ ಎಷ್ಟಾದೀತು ಎಂದು ಕೇಳುವವರು ಪುಣೆಯ ಮಹರ್ಷಿ ಧೋಂಡೋ ಕೇಶವ ಕರ್ವೆಯವರನ್ನು ನೆನೆಯಬಹುದು. ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಬೋಧಿಸಿ 1914ರಲ್ಲಿ ನಿವೃತ್ತರಾದ ಅವರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು; ಮರುವರ್ಷ ಪ್ರಾಥಮಿಕ ಶಿಕ್ಷಕರಿಗಾಗಿ ತರಬೇತಿ ಕಾಲೇಜನ್ನು ತೆರೆದರು. ಸರ್ ವಿಠ್ಠಲದಾಸ ಠಾಕರಸಿಯವರ 15 ಲಕ್ಷ ರೂಪಾಯಿಗಳ ದಾನ ಬಂದುದು 1920ರಲ್ಲಿ. ಮೊದಲು ನಡೆದವನು ಶಿಕ್ಷಕ. ಸಿರಿವಂತನ ಥೈಲಿ ಅವನ ಹಿಂದೆ ಬಂದಿತು.

ನಿಶ್ಚಿತ ಪಿಂಚಣಿಯ ಸೌಲಭ್ಯ ಎಲ್ಲ ಕಾಲಕ್ಕೂ ಇರತಕ್ಕದ್ದಲ್ಲವೆಂಬುದನ್ನೂ ಮರೆಯಲಾಗದು. ಮಹಾರಾಷ್ಟ್ರದಲ್ಲಿ 2005ರ ನವೆಂಬರ್ 1ರಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸರಕಾರಿ ಸೇವೆಗೆ ಸೇರಿದವರನ್ನು ವಂತಿಗೆಯನ್ನವಲಂಬಿಸಿದ ವ್ಯವಸ್ಥೆಗೆ ಒಳಪಡಿಸಲಾಯಿತು. ಹಳೆಯ ಪಿಂಚಣಿಯನ್ನು ಪಡೆಯುತ್ತಿರುವ ಪೀಳಿಗೆಯ ಕೈಯಲ್ಲಿ ಮುಂದಿನವರಿಗೆ ಸುಲಭವಾಗಿ ದೊರಕದ ನಿಶ್ಚಿಂತೆಯಿದೆ. ಕೊಡುವುದಕ್ಕೆ ಇದೇ ತಕ್ಕ ಕಾಲ.

ಹಾಗೆಂದು ದಾನದ ಹುರುಪಿನಲ್ಲಿ ತಮ್ಮ ಔಷಧೋಪಚಾರದ ಹಣವನ್ನು ಯಾರೂ ಮುಟ್ಟಬಾರದು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೋ ಹೃದಯದ ಚಿಕಿತ್ಸೆಗೋ ಬೇಕಾದ ಮೊತ್ತವನ್ನು ಮೊದಲು ಬೇರ್ಪಡಿಸಿ, ಆರೋಗ್ಯ ವಿಮೆಯ ಕಂತನ್ನು ಕಟ್ಟಿ, ಬಾಳಸಂಗಾತಿಯ ನಾಳೆಗಳನ್ನು ಭದ್ರಪಡಿಸಿ, ಉಳಿದುದರಲ್ಲಿ ಕೊಡುವುದೇ ಸರಿಯಾದ ಕ್ರಮ. ಸಾವಿರ ಸಾಧ್ಯವಿಲ್ಲದವರು ಇನ್ನೂರು ಕೊಡಲಿ. ಹಣ ಕೊಡಲಾಗದವರು ವಾರಕ್ಕೆ ಎರಡು ಗಂಟೆ ಆ ವಿದ್ಯಾರ್ಥಿಯ ಪಾಠಕ್ರಮವನ್ನು ತಿದ್ದಿಕೊಡಲಿ.

ಆದರೆ ಈ ಹೊಣೆಯೆಲ್ಲ ನಿವೃತ್ತ ಗುರುಗಳದೇ ಎಂದು ಇತರರು ಕೈಕಟ್ಟಿ ಕುಳಿತರೆ ಅದು ಕೃತಘ್ನತೆಯಾದೀತು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತು ಮೇಲೆ ಬಂದ ಕನ್ನಡಿಗರು ಮುಂಬಯಿಯಲ್ಲಿ ಅಸಂಖ್ಯರು. ಅವರಿಗಾಗಿ ರಾತ್ರಿಯ ಹೊತ್ತಿನಲ್ಲಿ ಪಾಠ ಹೇಳಿದ ಮಾಸ್ತರರು ಪಡೆದ ಸಂಬಳವೆಷ್ಟೆಂದು ಆ ವಿದ್ಯಾರ್ಥಿಗಳು ಬಲ್ಲರು. ಗುರುವಿನ ಒಂದು ಸಾವಿರಕ್ಕೆ ಶಿಷ್ಯ ತನ್ನದೊಂದು ಸಾವಿರವನ್ನು ಸೇರಿಸಿದರೆ ಇಬ್ಬರ ಬದಲು ನಾಲ್ವರು ಶಿಕ್ಷಕರಾಗುತ್ತಾರೆ. ಗೋಡೆಯ ಮೇಲಿನ ಅಮೃತಶಿಲೆಯಲ್ಲಿ ಹೆಸರು ಕೊರೆಯದಿದ್ದರೂ ಚಿಂತೆಯಿಲ್ಲ. ಮುಂದೊಂದು ದಿನ ಯಾವುದೋ ತರಗತಿಯಲ್ಲಿ ಆ ನಾಲ್ವರಲ್ಲೊಬ್ಬರು ಹಾಜರಿ ಕರೆಯುವಾಗ ದತ್ತಿಯ ಲೆಕ್ಕ ಸರಿಹೊಂದುತ್ತದೆ.