ತಲೆಯೊಳಗಿನ ಉಪಾಯಕ್ಕೆ ಪೇಟೆಂಟ್ ಇಲ್ಲ

ಐಗಳಿಯ ಸುತ್ತಿನ ದ್ರಾಕ್ಷಿ ತೋಟಗಳಿಗೆಂದು ವೆಲ್ಡಿಂಗ್ ಅಂಗಡಿಯ ಹುಡುಗನೊಬ್ಬ ಔಷಧಿ ಸಿಂಪಡಿಸುವ ಹೊಸ ಯಂತ್ರ ಮಾಡಿದನೆನ್ನೋಣ. ಮೊದಲು ನಡೆಯುವುದು ಅದರ ವಿಡಿಯೊ ಚಿತ್ರೀಕರಣ. ಊರು ಹೊಗಳುತ್ತದೆ, ಅಲ್ಲಿಗೆ ಅವನ ಹಕ್ಕು ಬಹುತೇಕ ಮುಗಿಯಿತು! ಅರ್ಜಿಗೆ ಮೊದಲೇ ಬಹಿರಂಗವಾದುದನ್ನು ಕಾನೂನು ಸಾಮಾನ್ಯವಾಗಿ ಹೊಸದೆಂದು ಒಪ್ಪುವುದಿಲ್ಲ.

1970ರ ಪೇಟೆಂಟ್ ಕಾಯ್ದೆಯು ಬರಿಯ ಕಲ್ಪನೆಯನ್ನಾಗಲಿ, ಬೇಸಾಯದ ವಿಧಾನವನ್ನಾಗಲಿ, ಪಾರಂಪರಿಕ ಜ್ಞಾನವನ್ನಾಗಲಿ ಕಾಪಾಡದು. ನಮ್ಮ ಅಥಣಿಯ ಚಪ್ಪಲಿಗೆ ಕೊಲ್ಹಾಪುರಿ ಹೆಸರಿನಲ್ಲಿ 2019ರಲ್ಲಿ ದೊರೆತದ್ದೂ ಪೇಟೆಂಟ್ ಅಲ್ಲ, ಭೌಗೋಳಿಕ ಸೂಚಕ. ಅದು ಹೆಸರನ್ನು ಕಾಯುತ್ತದೆ, ಮಾದರಿಯನ್ನಲ್ಲ. 2025ರಲ್ಲಿ ಇಟಲಿಯ ಪ್ರಾಡಾ ಕಂಪೆನಿ ಅಂತಹದೇ ಚಪ್ಪಲಿಯನ್ನು ಮೂಲ ಹೇಳದೆ ಮಿಲಾನಿನಲ್ಲಿ ಪ್ರದರ್ಶಿಸಿದ್ದನ್ನು ಓದುಗರು ಮರೆತಿರಲಾರರು.

ನಿಜಕ್ಕೂ ಹೊಸತನವಿರುವ ಯಂತ್ರಕ್ಕಾದರೋ ದಾರಿಯಿದೆ. ವ್ಯಕ್ತಿಯೊಬ್ಬ ಆನ್‌ಲೈನಿನಲ್ಲಿ ಅರ್ಜಿ ಸಲ್ಲಿಸಲು ಶುಲ್ಕ 1,600 ರೂಪಾಯಿ, ಪರಿಶೀಲನೆಗೆ 4,000. ತಾತ್ಕಾಲಿಕ ವಿವರಣೆ ಸಲ್ಲಿಸಿದರೆ ಪೂರ್ಣ ವಿವರಣೆಗೆ 12 ತಿಂಗಳ ಅವಕಾಶವುಂಟು. ಮಂಜೂರಾದ ಹಕ್ಕು, ನವೀಕರಣ ಶುಲ್ಕ ಕಟ್ಟುತ್ತ ಹೋದರೆ, ಅರ್ಜಿಯ ದಿನದಿಂದ 20 ವರ್ಷ. ಭಾರವಾಗುವುದು ಸರಕಾರದ ಶುಲ್ಕವಲ್ಲ, ವಿವರಣೆ ಬರೆದುಕೊಡುವ ಏಜೆಂಟರ ಸಂಭಾವನೆ. ಮದುವೆಯ ಪೆಂಡಾಲಿಗೆ ಲಕ್ಷ ಸುರಿಯುವ ನಾವು, ಅಂತಹ ಒಬ್ಬ ಹುಡುಗನ ಆ ಖರ್ಚನ್ನು ಜಮಾಅತ್‌ನಿಂದ ಏಕೆ ಭರಿಸಬಾರದು?