ಸಾಲ್ಕಣಿಯ ಗುರುವಾರ

ದಿನಪತ್ರಿಕೆಗಳ ಒಳಪುಟದ ಒಂದು ಮೂಲೆಯಲ್ಲಿ ‘ದಿನವಿಶೇಷ’ವೆಂದೋ ‘ಇತಿಹಾಸದಲ್ಲಿ ಈ ದಿನ’ವೆಂದೋ ಅಚ್ಚಾಗುವ ನಾಲ್ಕಾರು ಪಂಕ್ತಿಗಳನ್ನು ಬಹುಜನರು ರಾಶಿಫಲದೊಡನೆ ಓದಿ ಮರೆಯುವರಾದರೂ, ಒಂದು ಸಮಾಜವು ತನ್ನ ಗತಕಾಲದಲ್ಲಿ ಯಾವುದನ್ನು ಸ್ಮರಣಯೋಗ್ಯವೆಂದು ಬಗೆದಿದೆಯೆಂಬುದು ಆ ಪಂಕ್ತಿಗಳಿಂದಲೇ ವ್ಯಕ್ತವಾಗುವುದರಿಂದ, ಅವುಗಳನ್ನು ಅಲಕ್ಷಿಸುವುದು ತರವಲ್ಲ. ಸೆಪ್ಟೆಂಬರ್ 8ನೆಯ ದಿನವನ್ನೇ ತೆಗೆದುಕೊಳ್ಳೋಣ. 1965ರಲ್ಲಿ ಆ ದಿನ ನಾನಾ ದೇಶಗಳ ಶಿಕ್ಷಣಮಂತ್ರಿಗಳು ನಿರಕ್ಷರತೆಯ ನಿವಾರಣೋಪಾಯವನ್ನು ಚಿಂತಿಸಲು ತೆಹರಾನಿನಲ್ಲಿ ಸೇರಿದುದರಿಂದ ಯುನೆಸ್ಕೊ ಸಂಸ್ಥೆಯು ಅದನ್ನು ಅಂತರರಾಷ್ಟ್ರೀಯ ಸಾಕ್ಷರತಾ ದಿನವೆಂದು ಸಾರಿತು. ಭೂಪೇನ್ ಹಜಾರಿಕಾ 1926ರಲ್ಲಿ, ಆಶಾ ಭೋಸ್ಲೆ 1933ರಲ್ಲಿ, ನಮ್ಮ ಪೂರ್ಣಚಂದ್ರ ತೇಜಸ್ವಿಯವರು 1938ರಲ್ಲಿ ಹುಟ್ಟಿದುದು ಅದೇ ದಿನ. ಇವೆಲ್ಲವೂ ಸ್ಮರಣೀಯವೇ ಸರಿ. ಆದರೆ 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಕೊಡಲಿಗೆ ಗುರಿಯಾಗಿದ್ದ ಮರಗಳನ್ನು ಅಪ್ಪಿ ನಿಂತ ಸಂಗತಿಯು ಈ ಪಂಕ್ತಿಗಳಲ್ಲಿ ಕಾಣಸಿಗುವುದು ಅಪೂರ್ವ. ಅದು ಅಲ್ಲಿ ಇರಲೇಬೇಕೆಂಬುದು ನನ್ನ ಅಭಿಪ್ರಾಯ.

ಆ ದಿನದ ವೃತ್ತಾಂತವನ್ನು ಕಿರಿಯರಿಗಾಗಿ ತುಸು ವಿಸ್ತರಿಸಿ ಹೇಳುವುದು ಆವಶ್ಯಕ. ನೈಸರ್ಗಿಕ ಕಾಡನ್ನು ಸವರಿ ಸಾಗವಾನಿಯ ನೆಡುತೋಪುಗಳನ್ನು ಬೆಳೆಸುವುದೂ, ಪ್ಲೈವುಡ್ ಮೊದಲಾದ ಉದ್ಯಮಗಳಿಗೆ ಮರವನ್ನು ಒದಗಿಸುವುದೂ ಅಭಿವೃದ್ಧಿಯೆಂದೇ ಎಣಿಕೆಯಾಗಿದ್ದ ಕಾಲವದು. ತೋಟಿಗರಿಗೆ ಕಾಡೆಂದರೆ ದೂರದಿಂದ ನೋಡುವ ಹಸುರಲ್ಲ. ಸೊಪ್ಪಿನ ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ, ಅಡಕೆಮರದ ಬುಡವನ್ನು ಸೇರಿದರೆ ಮಾತ್ರ ಮುಂದಿನ ವರ್ಷದ ಫಸಲು. ಮೇಲಣ ಕಾಡಿನ ನೆರಳು ಉಳಿದರೆ ಮಾತ್ರ ಮನೆಯ ಹಿಂದಣ ಅಬ್ಬಿಯಲ್ಲಿ ಬೇಸಗೆಯ ನೀರು. ಬೇಡ್ತಿ ಜಲವಿದ್ಯುತ್ ಯೋಜನೆಯು ತಮ್ಮ ತೋಟ ಕಾಡುಗಳನ್ನು ಮುಳುಗಿಸುವುದೆಂದು ಯಲ್ಲಾಪುರ, ಶಿರಸಿಗಳ ರೈತರು ಅದಕ್ಕೆ ಮೊದಲೇ ಎದ್ದುನಿಂತಿದ್ದರು. 1974ರ ಮಾರ್ಚ್ 26ರಂದು ಹಿಮಾಲಯದ ರೇಣಿ ಗ್ರಾಮದಲ್ಲಿ ಗೌರಾದೇವಿ ಮತ್ತು ಆಕೆಯ ಸಂಗಡಿಗ ಸ್ತ್ರೀಯರು ಮರ ಕಡಿಯುವುದನ್ನು ತಡೆದು ನಿಂತ ಸುದ್ದಿಯನ್ನು, ಚಿಪ್ಕೊ ಚಳವಳಿಯ ಸುಂದರಲಾಲ್ ಬಹುಗುಣರ ಬಾಯಿಂದಲೇ ಈ ಸೀಮೆಯವರು ಕೇಳಿದರು. ಪರಿಸರ ಹೋರಾಟಗಾರ ಪಾಂಡುರಂಗ ಹೆಗಡೆಯವರೂ ಊರಿನ ಯುವಕರೂ ಮುಂದಾದರು. ಕಾಡಿಗೆ ನಡೆದುಹೋದ ಗುಂಪಿನಲ್ಲಿ ಗಂಡಸರಿದ್ದರು, ಹೆಂಗಸರಿದ್ದರು, ಮಕ್ಕಳೂ ಇದ್ದರು. ಒಬ್ಬರ ತೋಳಿನ ಅಳತೆಗೆ ಸಿಕ್ಕದ ಕಾಂಡವನ್ನು ಎದೆಗೊತ್ತಿ ನಿಂತವರನ್ನು ಬಿಡಿಸದೆ, ಅಂದರೆ ಮನುಷ್ಯರ ಮೈಮೇಲೆ ಕೈಮಾಡದೆ, ಮರಕ್ಕೆ ಕೊಡಲಿಯನ್ನು ಇಕ್ಕುವಂತಿರಲಿಲ್ಲ. ಆ ಕ್ರಿಯೆಯ ಸರಳತೆಯಲ್ಲಿಯೇ ಅದರ ಸಮಸ್ತ ಸಾಮರ್ಥ್ಯವೂ ಅಡಗಿತ್ತು. ಕಡಿಯುವವರು ಕೈತಡೆದರು. ಕಾಡಿನಲ್ಲಿ 38 ದಿನ ನಡೆದ ಆ ಪ್ರತಿಭಟನೆಯ ಫಲವಾಗಿ ಕಡಿತದ ಆಜ್ಞೆಯು ಹಿಂದಕ್ಕೆ ಸರಿಯಿತು. ಅಪ್ಪಿಕೊ ಎಂಬ ಹೆಸರನ್ನು ಪಡೆದ ಆ ಚಳವಳಿಯು ಅಲ್ಲಿಂದ ಸಿದ್ದಾಪುರ ತಾಲ್ಲೂಕಿನ ಊರುಗಳಿಗೂ ಅದರಾಚೆಗೂ ಹಬ್ಬಿತು. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳು ಅದರ ಮಂತ್ರವಾದುವು.

ಇಲ್ಲಿ ಒಂದು ಸಂಗತಿಯನ್ನು ಪ್ರಾಸಂಗಿಕವಾಗಿ ಹೇಳಬೇಕೆನಿಸುತ್ತದೆ. ತೇಜಸ್ವಿಯವರು ಹುಟ್ಟಿದ ದಿನವೂ ಗುರುವಾರ, ಸಾಲ್ಕಣಿಯ ಜನ ಕಾಡಿಗೆ ನಡೆದ ದಿನವೂ ಗುರುವಾರ. ಮಾಸವೂ ಎರಡಕ್ಕೂ ಭಾದ್ರಪದವೇ. ಆದರೆ ಪಂಚಾಂಗವನ್ನು ಹಿಡಿದು ನೋಡಿದರೆ ಇವೆರಡೂ ಒಂದೇ ದಿನವಲ್ಲ: ಒಂದು ಹುಣ್ಣಿಮೆಗೆ ಹತ್ತಿರವಾಗಿದ್ದರೆ, ಇನ್ನೊಂದು ಅಮಾವಾಸ್ಯೆ ಕಳೆದು ಚೌತಿಯ ಹಬ್ಬಕ್ಕೆ ಮನೆಮನೆಗಳು ಸಿದ್ಧವಾಗುತ್ತಿದ್ದ ಹೊತ್ತು. ತಾರೀಖುಗಳ ಸಮಾಗಮವೆಂಬುದು ಮನುಷ್ಯರು ಒಪ್ಪಿಕೊಂಡ ಒಂದು ಗಣನೆಯ ಫಲವಲ್ಲದೆ ಗ್ರಹಗತಿಯ ಸಂಕೇತವಲ್ಲ. ಷೇಕ್ಸ್‌ಪಿಯರನ ಮರಣವೂ ಸರ್ವಾಂಟಿಸನ ಮರಣವೂ 1616ರ ಏಪ್ರಿಲ್ 23ರಂದೇ ಆಯಿತೆಂದು ಬಹುಕಾಲ ಹೇಳುತ್ತ ಬಂದರೂ, ಇಂಗ್ಲೆಂಡಿನ ಪಂಚಾಂಗ ಬೇರೆ ಸ್ಪೇನಿನದು ಬೇರೆಯಾಗಿದ್ದುದರಿಂದ ಆ ಎರಡು ದಿನಗಳು ಒಂದಾಗಿರಲಿಲ್ಲ. ಹಾಗೆಂದ ಮಾತ್ರಕ್ಕೆ ಸಮಾನದಿನದ ಸ್ಮರಣೆಯು ನಿರರ್ಥಕವೆನ್ನಲಾಗದು. 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಬಿಡುಗಡೆ ಹೊಂದಿ ಮೈಸೂರಿನೊಡನೆ ಕೂಡಿಕೊಂಡ ಶಿರಸಿಯ ಸಂತೋಷವನ್ನೂ, ಅದೇ ದಿನ ಕೇರಳದ ಪಾಲಾದ ಕಾಸರಗೋಡಿನ ಕನ್ನಡಿಗರ ದುಃಖವನ್ನೂ ಒಟ್ಟಿಗೆ ನೆನೆಯದವನು ರಾಜ್ಯೋತ್ಸವವನ್ನು ಅರ್ಧವಷ್ಟೇ ಆಚರಿಸಿದಂತೆ.

ದಿನವಿಶೇಷದಲ್ಲಿ ಸಾಲ್ಕಣಿಗೆ ಎಡೆಯಿಲ್ಲದಿರುವುದಕ್ಕೆ ಕಾರಣವು ಯಾರ ದುರುದ್ದೇಶವೂ ಅಲ್ಲ. ಜನ್ಮದಿನವು ಒಬ್ಬನ ಹೆಸರಿಗೆ ಅಂಟಿಕೊಂಡು ಬರುತ್ತದೆ. ಅವನ ಮನೆಯವರೋ ಅಭಿಮಾನಿಗಳೋ ಪಕ್ಷದವರೋ ಅದನ್ನು ಕಾಪಾಡುತ್ತಾರೆ. ಊರೆಲ್ಲ ಕೂಡಿ ಮಾಡಿದ ಕಾರ್ಯಕ್ಕೆ ಹಾಗೆ ವಾರಸುದಾರರಿಲ್ಲ. ಸಿದ್ದಾಪುರದ ದೊಡ್ಮನೆಯಲ್ಲಿ 1926ರ ಆಗಸ್ಟ್ 29ರಂದು ಹುಟ್ಟಿದ ರಾಮಕೃಷ್ಣ ಹೆಗಡೆಯವರ ಜನ್ಮದಿನವನ್ನು, ಅದು ಹಾಕಿಪಟು ಧ್ಯಾನಚಂದರ ಜನ್ಮದಿನವೂ ಹೌದೆಂಬುದನ್ನು, ಪತ್ರಿಕೆಗಳು ಬಲ್ಲುವು. ಸಾಲ್ಕಣಿಯವರು ಮರವನ್ನಪ್ಪಿದಾಗ ಅದೇ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದರೆಂಬುದನ್ನು, ಅಂದರೆ ಪಕ್ಕದ ತಾಲ್ಲೂಕಿನ ಮಗನೇ ಅಧಿಕಾರದಲ್ಲಿದ್ದಾಗಲೂ ಜನರು ತಮ್ಮ ಕಾಡಿಗಾಗಿ ತಾವೇ ನಿಲ್ಲಬೇಕಾಯಿತೆಂಬುದನ್ನು, ಎಷ್ಟು ಮಂದಿ ನೆನೆಯುತ್ತಾರೆ? ಸ್ವಾತಂತ್ರ್ಯಸಂಗ್ರಾಮದ ಕರನಿರಾಕರಣೆಯಲ್ಲಿ ಜಮೀನನ್ನು ಕಳೆದುಕೊಂಡ ಸಿದ್ದಾಪುರದ ಕುಟುಂಬಗಳ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಅಂದಿನ ಸತ್ಯಾಗ್ರಹಿ ಸ್ತ್ರೀಯರಿಗೆ ಮಾವಿನಗುಂಡಿಯಲ್ಲಿ ಸ್ಮಾರಕವುಂಟು, ದಿನದರ್ಶಿಕೆಯಲ್ಲಿ ಮನೆಯಿಲ್ಲ.

ಆದುದರಿಂದ ಪ್ರಾರ್ಥಿಸುವುದಿಷ್ಟು. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕುಗಳ ಶಾಲೆಗಳಲ್ಲಿಯೂ ಸಾಹಿತ್ಯಗೋಷ್ಠಿಗಳಲ್ಲಿಯೂ ತೇಜಸ್ವಿಯವರ ಜನ್ಮದಿನವನ್ನು ಆಚರಿಸುವವರು ಅದೇ ವೇದಿಕೆಯಲ್ಲಿ ಸಾಲ್ಕಣಿಯ ಕಥೆಯನ್ನೂ ಹೇಳಲಿ. ಕಾಡಿನ ಲೂಟಿಯನ್ನು ‘ಜುಗಾರಿ ಕ್ರಾಸ್’ನಲ್ಲಿ ಚಿತ್ರಿಸಿದ ಲೇಖಕನಿಗೆ ಇದಕ್ಕಿಂತ ಉಚಿತವಾದ ಗೌರವವನ್ನು ನಾನು ಕಾಣೆ. ವರ್ಷವರ್ಷವೂ ಸದಸ್ಯರಿಗೆ ದಿನದರ್ಶಿಕೆಯನ್ನು ಹಂಚುವ ಸಹಕಾರಿ ಸಂಘಗಳು, ಸಂಕಷ್ಟಿ ಏಕಾದಶಿಗಳನ್ನು ಅಚ್ಚುಹಾಕುವ ಚೌಕದಲ್ಲಿಯೇ ಸೆಪ್ಟೆಂಬರ್ 8ರ ಕೆಳಗೆ ಒಂದು ಪಂಕ್ತಿಯನ್ನು ಸೇರಿಸಬಹುದು. ಆಲೆಮನೆಯ ಲೆಕ್ಕವನ್ನೂ ಆಕಳು ಕರುಹಾಕಿದ ದಿನವನ್ನೂ ಪೆನ್ಸಿಲಿನಿಂದ ಗುರುತಿಸಿಕೊಳ್ಳುವ ಗೃಹಿಣಿಯ ಕಣ್ಣಿಗೆ ಅದು ಬೀಳದೆ ಇರದು. ಇದಕ್ಕೂ ಮಿಗಿಲಾಗಿ, ಅಂದು ಇಪ್ಪತ್ತರ ಹರೆಯದಲ್ಲಿದ್ದವರು ಈಗ ಅರವತ್ತನ್ನು ದಾಟಿದ್ದಾರೆ. ಯಾರು ಯಾವ ಮರದ ಬಳಿ ನಿಂತಿದ್ದರು, ಬುತ್ತಿಯನ್ನು ಯಾರು ಹೊತ್ತು ತಂದರು, ಮನೆಯ ಚೌತಿಯ ಕೆಲಸವನ್ನು ಬಿಟ್ಟು ಹೆಂಗಸರು ಹೇಗೆ ಹೊರಟರು ಎಂಬುದನ್ನು ಅವರ ಬಾಯಿಂದಲೇ ಕೇಳಿ, ಊರೂರಿನ ಹೆಸರುಗಳೊಡನೆ ಬರೆದಿಡುವ ಕೆಲಸವನ್ನು ಕಾಲೇಜಿನ ವಿದ್ಯಾರ್ಥಿಗಳು ಈ ವರ್ಷವೇ ಕೈಗೊಳ್ಳಲಿ.